ರಾತ್ರಿ ಊಟಕ್ಕೆ ಬಂಗುಡೆ, ಬೆಳ್ಳುಳ್ಳಿ, ಹಿಂಗು: ಘಾಟಿನ ಸಾಮಾನು ಹದದಲ್ಲಿ ಬಳಸುವ ಕ್ರಮ

"ನಾಡಿದ್ದು ಶುಕ್ರವಾರ ರಾತ್ರಿ ಊಟಕ್ಕೆ ನಮ್ಮಲ್ಲಿಗೇ ಬನ್ನಿ ಮಾರಾಯ್ರೆ, ಬಂಗುಡೆ ಪುಳಿಮುಂಚಿ ಮಾಡುವ."

ಕರೆಯುವಾಗಲೇ ಇನ್ನೆರಡು ಮಾತು ಕೇಳಿಕೊಂಡರೆ ಅಡುಗೆ ಅರ್ಧ ಮುಗಿದ ಹಾಗೆ. "ಎಲ್ಲರಿಗೂ ಮೀನು ಆಗ್ತದಲ್ಲ? ಬೆಳ್ಳುಳ್ಳಿ ತಿನ್ನದವರು ಯಾರಾದರೂ ಉಂಟಾ?" ಎಂದು ನೇರವಾಗಿ ಕೇಳಿ. ಉಡುಪಿ, ಮಂಗಳೂರಿನ ಕಡೆ ಇದನ್ನು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸೋಮವಾರ ಮೀನು ಮುಟ್ಟದವರಿದ್ದಾರೆ, ಶನಿವಾರ ಮುಟ್ಟದವರಿದ್ದಾರೆ, ಸಂಕ್ರಮಣಕ್ಕೆ ಬಿಡುವವರಿದ್ದಾರೆ. ಮೀನು ತಿನ್ನದೆ ಬೆಳ್ಳುಳ್ಳಿ ತಿನ್ನುವವರೂ ಇದ್ದಾರೆ, ಎರಡೂ ಬೇಡ, ಹಿಂಗು ಮಾತ್ರ ಸಾಕು ಎನ್ನುವವರೂ ಇದ್ದಾರೆ. ಚಾತುರ್ಮಾಸ್ಯದ ವ್ರತ ಹಿಡಿದವರಾದರೆ ಕೊನೆಯ ತಿಂಗಳು ದ್ವಿದಳ ವ್ರತ, ಆಗ ಬೇಳೆಯೂ ಇಲ್ಲ. ಬಡಿಸುವ ಹೊತ್ತಿಗೆ ಗೊತ್ತಾದರೆ ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಇಲ್ಲಿ ಬರೆದಿರುವುದು ಆರು ಜನರ ಊಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ (ಹುಳಿ ಮೆಣಸಿನ ಗಟ್ಟಿ ಮೀನು ಸಾರು), ಒಣ ಸಿಗಡಿ ಚಟ್ನಿ. ಮೀನು ಬೇಡದವರಿಗೆ ಹಿಂಗಿನ ಒಗ್ಗರಣೆಯ ಗುಳ್ಳದ, ಅಂದರೆ ದುಂಡು ಬದನೆಯ, ಬೋಳುಹುಳಿ ಮತ್ತು ಮುಳ್ಳುಸೌತೆಯ ಸಾಸಿವೆ ಎಂಬ ಮೊಸರಿನ ಹಸಿ ಪದಾರ್ಥ. ಎಲ್ಲವೂ ಘಾಟಿನ ಅಡುಗೆಯೇ, ಆದರೆ ಒಂದೊಂದರ ಘಾಟೂ ಬೇರೆ ಜಾತಿಯದು.

ಘಾಟು ಹೆಚ್ಚಾಯಿತು ಅಂದರೆ ಸಾಮಾನ್ಯವಾಗಿ ಪ್ರಮಾಣ ಕಡಿಮೆ ಮಾಡಿಬಿಡುತ್ತಾರೆ. ತಪ್ಪು ಅಲ್ಲಿರುವುದಿಲ್ಲ. ಎಂಟು ಎಸಳು ಬೆಳ್ಳುಳ್ಳಿ ಒಂದು ಅಡುಗೆಯಲ್ಲಿ ಸಿಹಿಯಾಗಿರುತ್ತದೆ, ಎರಡೇ ಎಸಳು ಇನ್ನೊಂದರಲ್ಲಿ ನಾಲಿಗೆ ಸುಡುತ್ತದೆ. ಯಾವಾಗ ಜಜ್ಜಿದಿರಿ, ಯಾವಾಗ ಎಣ್ಣೆಗೆ ಹಾಕಿದಿರಿ, ಯಾವಾಗ ಮುಚ್ಚಳ ಮುಚ್ಚಿದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಯಾವ ಘಾಟು ಬೆಂಕಿಗೆ ಏನಾಗುತ್ತದೆ

ಇಡೀ ಬೆಳ್ಳುಳ್ಳಿ ಎಸಳನ್ನು ಮೂಸಿದರೆ ಹೆಚ್ಚೇನೂ ವಾಸನೆ ಇಲ್ಲ. ಜಜ್ಜಿದಾಗ ಎಸಳಿನೊಳಗೆ ಬೇರೆಬೇರೆ ಇದ್ದ ಎರಡು ಅಂಶಗಳು ಕೂಡಿ ಆ ಖಾರದ ವಾಸನೆ ಹುಟ್ಟುತ್ತದೆ. ಅವುಗಳಲ್ಲಿ ಒಂದು ಕಿಣ್ವ, ಬಿಸಿ ತಾಗಿದರೆ ಅದು ಸತ್ತುಹೋಗುತ್ತದೆ. ಹಾಗಾಗಿ ಇಡಿಯಾಗಿ ಎಣ್ಣೆಗೆ ಬಿದ್ದ ಎಸಳು ಸಿಹಿ, ಜಜ್ಜಿ ಹತ್ತು ನಿಮಿಷ ಬಿಟ್ಟು ಹಾಕಿದ್ದು ಘಾಟು, ಹಸಿಯಾಗಿ ಚಟ್ನಿಗೆ ಅರೆದದ್ದು ಎಲ್ಲಕ್ಕಿಂತ ಜೋರು.

ಸಾಸಿವೆಯದ್ದೂ ಇದೇ ಕಥೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಕಾಳಿಗೆ ಖಾರವೇ ಇಲ್ಲ, ಅದೇ ಕಾಳನ್ನು ಹಸಿಯಾಗಿ ನೀರು ಹಾಕಿ ಅರೆದರೆ ಮೂಗಿಗೆ ಏರುತ್ತದೆ. ಬಿಸಿನೀರು ಹಾಕಿ ಅರೆದರೆ ಆ ಖಾರ ಹುಟ್ಟುವುದೇ ಇಲ್ಲ.

ಹಿಂಗು ಇದಕ್ಕೆ ತದ್ವಿರುದ್ಧ. ಹಸಿಯಾಗಿದ್ದಾಗ ಅದರ ಗಂಧಕದ ವಾಸನೆ ಒರಟು, ಬಿಸಿ ಎಣ್ಣೆ ತಾಗಿದ ಮೇಲೆಯೇ ಅದು ಮೆದುವಾಗಿ ಈರುಳ್ಳಿ ಬೆಳ್ಳುಳ್ಳಿ ಹುರಿದಂಥ ಪರಿಮಳಕ್ಕೆ ತಿರುಗುವುದು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಉಡುಪಿಯ ಅಡುಗೆಯಲ್ಲಿ ಹಿಂಗಿಗೆ ಅಷ್ಟು ದೊಡ್ಡ ಸ್ಥಾನ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಮೆಣಸಿನ ಖಾರ ಮಾತ್ರ ಕುದಿಸಿದರೂ ಹುರಿದರೂ ಕಡಿಮೆಯಾಗುವುದಿಲ್ಲ. ಅದು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುತ್ತದೆ. ಕೈ ಉರಿಯುವಾಗ ನೀರಿನಲ್ಲಿ ತೊಳೆದು ಪ್ರಯೋಜನ ಇಲ್ಲ, ಮೊದಲು ತೆಂಗಿನೆಣ್ಣೆ ಉಜ್ಜಿ ಆಮೇಲೆ ಸೋಪು ಹಾಕಬೇಕು.

ಮಧ್ಯಾಹ್ನ ನಾಲ್ಕು ಗಂಟೆ: ಹುರಿಯುವ ಕೆಲಸ

ಊಟ ರಾತ್ರಿ ಎಂಟೂವರೆಗೆ ಎಂದಿಟ್ಟುಕೊಳ್ಳಿ. ಮನೆ ತುಂಬುವ ವಾಸನೆಯೆಲ್ಲ ಹುರಿಯುವಾಗ ಬರುವುದರಿಂದ ಆ ಕೆಲಸ ನಾಲ್ಕಕ್ಕೇ ಮುಗಿಯಲಿ. ಫ್ಲ್ಯಾಟಿನಲ್ಲಿ ಇರುವವರಿಗೆ ಇದು ಇನ್ನೂ ಮುಖ್ಯ. ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಎದುರಿನ ಕಿಟಕಿ ತೆರೆದು, ಮಲಗುವ ಕೋಣೆಯ ಬಾಗಿಲು ಹಾಕಿ. ಬಟ್ಟೆ ಒಣಗಲು ಹಾಕಿದ್ದರೆ ತೆಗೆದಿಡಿ.

ಮೊದಲು ಒಣ ಸಿಗಡಿ, 50 ಗ್ರಾಂ ಸಾಕು. ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವುದಿಲ್ಲವಲ್ಲ, ಆ ಎರಡು ತಿಂಗಳು ಕರಾವಳಿಯ ಊಟದ ರುಚಿಯೇ ಈ ಒಣಮೀನು, ತುಳುವಿನ ನುಂಗೆಲ್. ಕೊಳ್ಳುವಾಗ ಒಂದು ಹಿಡಿ ಕೈಗೆ ತೆಗೆದು ಮೂಸಿ ನೋಡಿ. ಕಡಲ ವಾಸನೆ ಸರಿ, ಮೂಗು ಚುಚ್ಚುವ ಅಮೋನಿಯಾದ ವಾಸನೆ ಇದ್ದರೆ ಬಿಡಿ. ಹಿಡಿದರೆ ಮೆತ್ತಗೆ ಅಂಟುವುದು ತೇವ ಕುಡಿದದ್ದು. ಮಳೆಗಾಲದಲ್ಲಿ ಮನೆಗೆ ತಂದದ್ದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ, ಹೊರಗಿಟ್ಟರೆ ಬೂಸ್ಟು ಬರುತ್ತದೆ.

ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿಯಿರಿ. ಬೆರಳಲ್ಲಿ ಒತ್ತಿದರೆ ಚಟಕ್ಕನೆ ಮುರಿಯಬೇಕು. ಆರಿದ ಮೇಲೆ ತಲೆ, ಬಾಲ, ಕಾಲು ಉದುರಿಸಿ, ಜರಡಿಯಲ್ಲಿ ಆಡಿಸಿ. ಕೆಳಗೆ ಬೀಳುವ ಮರಳು ನೋಡಿದರೆ ಈ ಕೆಲಸ ಯಾಕೆ ಬಿಡಬಾರದು ಎಂದು ಗೊತ್ತಾಗುತ್ತದೆ. ಹುರಿಯುವ ಮೊದಲೇ ತಲೆ ತೆಗೆಯಲು ಕೂತರೆ ಎರಡು ಪಟ್ಟು ಹೊತ್ತು ಬೇಕು. ಗಾಜಿನ ಬಾಟಲಿಗೆ ಹಾಕಿ ಮುಚ್ಚಿಡಿ.

ಆಮೇಲೆ ಮೆಣಸು. ಪುಳಿಮುಂಚಿಗೆ 20 ಬ್ಯಾಡಗಿ, 4 ಗುಂಟೂರು. ಚಟ್ನಿಗೆ 6 ಬ್ಯಾಡಗಿ. ಬಣ್ಣ ಕೊಡುವುದು ಬ್ಯಾಡಗಿ, ಖಾರ ಕೊಡುವುದು ಗುಂಟೂರು. ಖಾರ ಕಡಿಮೆ ಬೇಕಾದರೆ ಗುಂಟೂರು ಕಡಿಮೆ ಮಾಡಿ, ಬ್ಯಾಡಗಿಯನ್ನು ಮುಟ್ಟಬೇಡಿ, ಅದು ಕಡಿಮೆಯಾದರೆ ಮಸಾಲೆ ತೆಳ್ಳಗಾಗುತ್ತದೆ. ಬರಿ ಬಾಣಲೆಯಲ್ಲಿ ಮೆಣಸು ಕರಟಿದಾಗ ಖಾರದ ಸಣ್ಣ ಕಣಗಳು ಹೊಗೆಯ ಜೊತೆ ಹಾರಿ ಮನೆಮಂದಿಗೆಲ್ಲ ಕೆಮ್ಮು ಹಿಡಿಸುತ್ತವೆ. ಒಂದು ಚಮಚ ತೆಂಗಿನೆಣ್ಣೆ ಹಾಕಿ, ಉರಿ ಸಣ್ಣಗಿಟ್ಟು, ಕೈ ಬಿಡದೆ ಆಡಿಸಿದರೆ ಆ ತೊಂದರೆ ಇಲ್ಲ. ಮೂರು ನಾಲ್ಕು ನಿಮಿಷದಲ್ಲಿ ಮೆಣಸು ಉಬ್ಬಿ ಗರಿಯಾಗುತ್ತದೆ. ಆಗಲೇ ತಟ್ಟೆಗೆ ಹರಡಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ್ದರೂ ಕಪ್ಪಾಗುತ್ತದೆ, ಕಪ್ಪಾದ ಮೆಣಸಿನ ಕಹಿಗೆ ಬೆಲ್ಲವೂ ಮದ್ದಲ್ಲ.

ಅದೇ ಬಾಣಲೆಯಲ್ಲಿ ಒಂದೂವರೆ ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಕಾಲು ಚಮಚ ಓಮ. ಕೊನೆಗೆ ಕಾಲು ಚಮಚ ಮೆಂತ್ಯ. ಮೆಂತ್ಯ ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯಬೇಕು, ಕೆಂಪಾದರೆ ಇಡೀ ಪದಾರ್ಥ ಕಹಿ. ಪುಳಿಮುಂಚಿ ಕಹಿಯಾಯಿತು ಎನ್ನುವವರು ಮೊದಲು ನೋಡಬೇಕಾದದ್ದು ಈ ಕಾಲು ಚಮಚವನ್ನೇ.

ಬಂಗುಡೆ

ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬೆಳಿಗ್ಗೆ ತಂದ ಒಂದು ಕಿಲೋ ಬಂಗುಡೆ, ಮಧ್ಯಮ ಗಾತ್ರದ್ದು ಆರೇಳು ಬರುತ್ತದೆ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಹೊಟ್ಟೆ ಒತ್ತಿದರೆ ಹಿಂದಕ್ಕೆ ಬರಬೇಕು. ಬಂಗುಡೆಯ ವಿಷಯದಲ್ಲಿ ಐಸ್ ಎಂಬುದು ಬರಿ ರುಚಿಯ ಮಾತಲ್ಲ. ಬಿಸಿಲಲ್ಲಿ, ಸ್ಕೂಟರಿನ ಚೀಲದಲ್ಲಿ ಗಂಟೆಗಟ್ಟಲೆ ಉಳಿದರೆ ಅದರೊಳಗೆ ಹಿಸ್ಟಮೈನ್ ಹುಟ್ಟುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ನಾಲಿಗೆ ಚುರುಚುರು, ಮುಖ ಕೆಂಪು, ಮೈ ತುರಿಕೆ. ತಂದ ಕೂಡಲೇ ಶುಚಿ ಮಾಡಿ ಫ್ರಿಜ್ಜಿಗೆ ಹಾಕಿ.

ಶುಚಿ ಮಾಡುವಾಗ ಕಿವಿರು, ಕರುಳು ತೆಗೆದು, ಹೊಟ್ಟೆಯೊಳಗೆ ಬೆನ್ನೆಲುಬಿಗೆ ಅಂಟಿಕೊಂಡಿರುವ ಕಪ್ಪು ರಕ್ತದ ಗೆರೆಯನ್ನು ಬೆರಳಿನಿಂದ ಕೆರೆಯಿರಿ. ಪದಾರ್ಥ ಸೊಗಡು ಹೊಡೆಯಲು ಹೆಚ್ಚಿನ ಸಲ ಅದೇ ಕಾರಣ. ಆಮೇಲೆ ಕಲ್ಲುಪ್ಪು, ಹುಣಸೆಹಣ್ಣಿನ ಚರಟ ಹಾಕಿ ಉಜ್ಜಿ ಮೂರು ನೀರಲ್ಲಿ ತೊಳೆಯಿರಿ. ಮೀನಿನ ವಾಸನೆ ಕ್ಷಾರ ಗುಣದ್ದು, ಹುಳಿ ಅದನ್ನು ಹಿಡಿದಿಟ್ಟು ಗಾಳಿಗೆ ಹಾರದಂತೆ ಮಾಡುತ್ತದೆ. ಸಾರಿನಲ್ಲಿ ಹುಣಸೆ ಮಾಡುವ ಕೆಲಸವೂ ಇದೇ. ಎರಡೂ ಬದಿ ಗೀರು ಹಾಕಿ, ಉಪ್ಪು ಅರಸಿನ ಸವರಿ, ಬಳಸುವ ಮೊದಲು ಇಪ್ಪತ್ತು ನಿಮಿಷ ಜಾಲರಿಯಲ್ಲಿ ನೀರು ಬಸಿಯಲು ಬಿಡಿ. ಈ ನೀರು ಬಸಿಯದೆ ಹಾಕಿದರೆ ಪುಳಿಮುಂಚಿ ತೆಳ್ಳಗೆ ಸಾರಿನ ಹಾಗಾಗುತ್ತದೆ.

ಹುರಿದ ಮಸಾಲೆಗೆ ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣು (30 ಗ್ರಾಂ), ಎಂಟು ಎಸಳು ಬೆಳ್ಳುಳ್ಳಿ, ಕಾಲು ಚಮಚ ಅರಸಿನ, ಒಂದು ಈರುಳ್ಳಿಯಲ್ಲಿ ಅರ್ಧ ಸೇರಿಸಿ ನುಣ್ಣಗೆ ಅರೆಯಿರಿ. ತರಿ ಉಳಿದರೆ ಮಸಾಲೆ ಒಂದು ಕಡೆ, ನೀರು ಒಂದು ಕಡೆ ನಿಲ್ಲುತ್ತದೆ. ಮಣ್ಣಿನ ಬಿಸಲೆಯಲ್ಲಿ ಮೂರು ದೊಡ್ಡ ಚಮಚ ತೆಂಗಿನೆಣ್ಣೆ ಕಾಯಿಸಿ, ಉಳಿದ ಅರ್ಧ ಈರುಳ್ಳಿ, ಒಂದಿಂಚು ಶುಂಠಿಯ ಸಣ್ಣ ಚೂರು, ಸೀಳಿದ ಎರಡು ಹಸಿಮೆಣಸು ಬಾಡಿಸಿ, ಅರೆದದ್ದು ಹಾಕಿ. ಮಿಕ್ಸಿ ತೊಳೆದ ನೀರು ಒಂದೂವರೆ ಲೋಟ, ಉಪ್ಪು. ಈಗ ಎಂಟು ಹತ್ತು ನಿಮಿಷ ಮಸಾಲೆಯನ್ನು ಮಾತ್ರ ಕುದಿಸಿ. ಅರೆದ ಬೆಳ್ಳುಳ್ಳಿಯ ಹಸಿ ಘಾಟು ಇಳಿದು, ಅಂಚಿನಲ್ಲಿ ಕೆಂಪು ಎಣ್ಣೆ ಬಿಡುವವರೆಗೆ ಮೀನು ಹಾಕಬಾರದು. ಅವಸರಪಟ್ಟು ಮೊದಲೇ ಹಾಕಿದರೆ ಒಂದೋ ಮಸಾಲೆ ಹಸಿ, ಇಲ್ಲವೇ ಮೀನು ಪುಡಿ.

ಮೀನನ್ನು ಒಂದೇ ಪದರದಲ್ಲಿ ಮಲಗಿಸಿ, ಮುಚ್ಚದೆ ಏಳೆಂಟು ನಿಮಿಷ. ಸೌಟು ಹಾಕಬೇಡಿ, ಪಾತ್ರೆಯ ಕಂಠ ಹಿಡಿದು ಸುತ್ತ ತಿರುಗಿಸಿ. ಬರಿ ಅಲ್ಯುಮಿನಿಯಂ ಪಾತ್ರೆ ಬೇಡ, ಹುಣಸೆಹುಳಿ ಅದನ್ನು ತಿನ್ನುತ್ತದೆ. ಐದೂವರೆಗೆ ಇಳಿಸಿಬಿಟ್ಟರೆ ಊಟದ ಹೊತ್ತಿಗೆ ಉಪ್ಪು ಹುಳಿ ಖಾರ ಮೀನಿನೊಳಗೆ ಇಳಿದಿರುತ್ತದೆ. ಒಲೆಯಿಂದ ಇಳಿಸಿದ ಕೂಡಲೇ ಬಡಿಸಿದ ಪುಳಿಮುಂಚಿಗೆ ಆ ರುಚಿ ಇಲ್ಲ.

ತಿರ್ಫಲ, ಕೆಲವರು ಜುಮ್ಮನಕಾಯಿ ಎನ್ನುವ ಘಾಟಿನ ಸಣ್ಣ ಕಾಯಿ, ಸಿಕ್ಕಿದರೆ ಬೇರೆ ದಾರಿಯೂ ಉಂಟು. ಆಗ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಮೂರನ್ನೂ ಬಿಡಬೇಕು, ಎರಡು ಘಾಟು ಒಂದರ ಮೇಲೊಂದು ಕೂತರೆ ಯಾವುದೂ ತಿಳಿಯುವುದಿಲ್ಲ. ಕೊಂಕಣಿ ಮನೆಗಳ ಕ್ರಮದಲ್ಲಿ ಅರ್ಧ ತೆಂಗಿನಕಾಯಿ, ಹುರಿದ ಮೆಣಸು, ಹುಣಸೆ ಇಷ್ಟೇ ಅರೆದು ಕುದಿಸಿ ಮೀನು ಹಾಕುವುದು. ತಿರ್ಫಲದ ಒಳಗಿನ ಕಪ್ಪು ಬೀಜ ತೆಗೆದು, ಹತ್ತು ಹನ್ನೆರಡು ಸಿಪ್ಪೆಯನ್ನು ಸ್ವಲ್ಪ ನೀರಲ್ಲಿ ಜಜ್ಜಿ, ಮೀನು ಬೇಯುತ್ತ ಬಂದಾಗ ಸೇರಿಸಿ. ಮಸಾಲೆಯ ಜೊತೆ ಅರೆದರೆ ಕಹಿ, ಬಹಳ ಹೊತ್ತು ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಒಗ್ಗರಣೆ ಇಲ್ಲ. ಒಂದು ಚಮಚ ಹಸಿ ತೆಂಗಿನೆಣ್ಣೆ ಮೇಲೆ ಬಿಟ್ಟು ಮುಚ್ಚಿದರೆ ಆಯಿತು. ಸಿಪ್ಪೆಯನ್ನು ಜಗಿದರೆ ನಾಲಿಗೆ ಮರಗಟ್ಟುತ್ತದೆ ಎಂದು ಹೊಸಬರಿಗೆ ಬಡಿಸುವಾಗಲೇ ಹೇಳಿ.

ಗುಳ್ಳದ ಬೋಳುಹುಳಿ ಮತ್ತು ಹಿಂಗು

ಮೀನಿನ ಅಡುಗೆಗೆ ಮುಟ್ಟದ ಪಾತ್ರೆ, ಸೌಟು, ಎಣ್ಣೆಯ ಗಿಂಡಿ ಇದಕ್ಕೆ ಬೇರೆಯೇ ಇರಲಿ. ಬಂದವರ ಮನಸ್ಸಿಗೆ ಅದರಿಂದ ಸಮಾಧಾನ.

ಮಟ್ಟುಗುಳ್ಳ ಸಿಗುವ ಕಾಲವಾದರೆ ಮಧ್ಯಮ ಗಾತ್ರದ್ದು ನಾಲ್ಕು. ಹೋಳು ಮಾಡಿದ ಕೂಡಲೇ ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಅರ್ಧ ನಿಂಬೆ ಗಾತ್ರದ ಹುಣಸೆಹುಳಿ, ಸೀಳಿದ ಐದು ಹಸಿಮೆಣಸು, ಅರಸಿನ, ಉಪ್ಪು, ಸಣ್ಣ ತುಂಡು ಬೆಲ್ಲ ಹಾಕಿ ಬೇಯಿಸಿ. ಗುಳ್ಳದ ಸಿಪ್ಪೆ ತೆಳು, ಎಂಟು ನಿಮಿಷ ಸಾಕು, ಕುಕ್ಕರಿಗೆ ಹಾಕಿದರೆ ಕರಗಿಹೋಗುತ್ತದೆ. ಬೇಯಿಸಿದ ಅರ್ಧ ಲೋಟ ತೊಗರಿಬೇಳೆ ಸೇರಿಸಿ ಒಂದು ಕುದಿ. ಕಾಯಿ ಇಲ್ಲದ ಹುಳಿಯಾದ್ದರಿಂದ ಇದರ ಜೀವವೆಲ್ಲ ಒಗ್ಗರಣೆಯಲ್ಲಿ.

ಗಟ್ಟಿ ಹಿಂಗಾದರೆ ಕಡಲೆಕಾಳು ಗಾತ್ರ. ಪುಡಿಯಾದರೆ ಅರ್ಧ ಚಮಚ, ಯಾಕೆಂದರೆ ಅಂಗಡಿಯ ಪುಡಿಯಲ್ಲಿ ಹಿಂಗಿಗಿಂತ ಹಿಟ್ಟು, ಅಂಟು ಹೆಚ್ಚು. ಎಷ್ಟೋ ಪುಡಿಗಳಿಗೆ ಸೇರಿಸುವುದು ಗೋಧಿಹಿಟ್ಟು, ಗೋಧಿ ಆಗದವರು ಬರುವುದಿದ್ದರೆ ಡಬ್ಬಿಯ ಮೇಲೆ ಓದಿ. ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿದು, ಒಣಮೆಣಸು, ಕರಿಬೇವಿನಸೊಪ್ಪು ಬಿದ್ದ ಮೇಲೆ ಒಲೆ ಆರಿಸಿ, ಕೊನೆಗೆ ಹಿಂಗು. ಎರಡು ಮೂರು ಸೆಕೆಂಡಿನಲ್ಲಿ ನೊರೆ ಎದ್ದು ಪರಿಮಳ ಬರುತ್ತದೆ. ತಕ್ಷಣ ಹುಳಿಗೆ ಸುರಿದು ಐದು ನಿಮಿಷ ಮುಚ್ಚಿ. ಉರಿ ಇರುವಾಗಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಮುಚ್ಚದೆ ಬಿಟ್ಟರೆ ಪರಿಮಳ ಅಡುಗೆಮನೆಗೆ ಹೋಗುತ್ತದೆ, ಹುಳಿಗೆ ಬರುವುದಿಲ್ಲ. ಗಟ್ಟಿ ಹಿಂಗನ್ನು ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ, ಆ ನೀರನ್ನೇ ಕುದಿಯುವ ಪದಾರ್ಥಕ್ಕೆ ಹಾಕುವ ಕ್ರಮವೂ ಇದೆ. ಅದರಲ್ಲಿ ಸೀಯುವ ಭಯವಿಲ್ಲ, ಆದರೆ ಘಾಟು ಸ್ವಲ್ಪ ಹೆಚ್ಚು.

ಬೆಳ್ಳುಳ್ಳಿ ಆಗುವವರೇ ಆದರೆ ಹಿಂಗಿನ ಬದಲು ನಾಟಿ ಬೆಳ್ಳುಳ್ಳಿಯ ಹದಿನೈದು ಎಸಳು, ಸಿಪ್ಪೆ ಸಮೇತ ಒಮ್ಮೆ ಮಾತ್ರ ಗುದ್ದಿ ಹಾಕಿ. ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ, ಜೇನಿನ ಬಣ್ಣ. ಅದನ್ನು ದಾಟಿದರೆ ಕಪ್ಪಾಗಲು ಅರೆ ನಿಮಿಷ ಸಾಕು.

ಕೊನೆಯ ಅರ್ಧ ಗಂಟೆ

ಕುಚ್ಚಲಕ್ಕಿ 600 ಗ್ರಾಂ, ಐದು ಪಟ್ಟು ನೀರು. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆ ಇಲ್ಲ. ಏಳಕ್ಕೇ ಇಟ್ಟು, ಬಸಿದ ತಿಳಿಯನ್ನು ಚೆಲ್ಲದೆ ಇಟ್ಟುಕೊಳ್ಳಿ.

ಮಿಕ್ಸಿಯ ಸರದಿಯೂ ಲೆಕ್ಕದ್ದು: ಮೊದಲು ಸಾಸಿವೆ, ಆಮೇಲೆ ಸಿಗಡಿ ಚಟ್ನಿ. ಜಾರು ಬೇರೆ ಇದ್ದರೆ ಒಳ್ಳೆಯದು. ಸಾಸಿವೆಗೆ, ಅಂದರೆ ಮನೆಮಾತಿನ ಸಾಸ್ಮೆಗೆ, ಒಂದು ಲೋಟ ಕಾಯಿತುರಿ, ಎರಡು ಬ್ಯಾಡಗಿ ಮೆಣಸನ್ನು ತಣ್ಣೀರಲ್ಲಿ ನುಣ್ಣಗೆ ಅರೆದು, ಕೊನೆಗೆ ಅರ್ಧ ಚಮಚ ಹಸಿ ಸಾಸಿವೆ ಹಾಕಿ ಎರಡೇ ಸುತ್ತು. ಮೊದಲಿಂದಲೇ ಹಾಕಿ ಅರೆದರೆ ಕಹಿ ಬಿಡುತ್ತದೆ. ಎರಡು ಎಳೆ ಮುಳ್ಳುಸೌತೆಯ ಸಣ್ಣ ಹೋಳು, ಒಂದು ಲೋಟ ಗಟ್ಟಿ ಮೊಸರು, ಉಪ್ಪು ಬೆರೆಸಿ. ಒಲೆಗೆ ಇಡುವಂತಿಲ್ಲ. ಹತ್ತು ನಿಮಿಷ ಬಿಟ್ಟರೆ ಖಾರ ಮೇಲೇರುತ್ತದೆ, ಬೆಳಿಗ್ಗೆಗೆ ಇಟ್ಟರೆ ಅದು ಇಳಿದು ಬರಿ ಹುಳಿ ಉಳಿಯುತ್ತದೆ. ಅಂದಂದೇ ಮುಗಿಸಿ.

ಚಟ್ನಿಗೆ ಒಂದೂವರೆ ಲೋಟ ಕಾಯಿತುರಿ, ಹುರಿದ ಆರು ಮೆಣಸು, ಎರಡು ಎಸಳು ಬೆಳ್ಳುಳ್ಳಿ, ಬೆರಳ ತುದಿಯಷ್ಟು ಹುಣಸೆ. ನೀರು ಹಾಕದೆ ತರಿಯಾಗಿ ಅರೆಯಿರಿ. ಈ ಬೆಳ್ಳುಳ್ಳಿ ಬೇಯುವುದೇ ಇಲ್ಲವಾದ್ದರಿಂದ ಎರಡಕ್ಕಿಂತ ಹೆಚ್ಚು ಬೇಡ. ಹುರಿದ ಸಿಗಡಿ ಹಾಕಿ ಒಂದೇ ಸುತ್ತು ತಿರುಗಿಸಿ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ ಕೈಯಲ್ಲಿ ಬೆರೆಸಿ. ಉಪ್ಪು ಕೊನೆಗೆ, ರುಚಿ ನೋಡಿ, ಕೆಲವು ಸಿಗಡಿಯಲ್ಲಿ ಮೊದಲೇ ಉಪ್ಪಿರುತ್ತದೆ. ಬಡಿಸಲು ಕಾಲು ಗಂಟೆ ಇರುವಾಗ ಮಾಡಿದರೆ ಸಿಗಡಿ ಗರಿಗರಿ, ಸಂಜೆಯೇ ಮಾಡಿಟ್ಟರೆ ಮೆತ್ತಗೆ.

ಯಾರಿಗಾದರೂ ಖಾರ ನೆತ್ತಿಗೇರಿದರೆ ನೀರು ಕೊಡಬೇಡಿ, ಖಾರ ಬಾಯಿ ತುಂಬ ಹರಡುತ್ತದೆ ಅಷ್ಟೆ. ಮೊಸರು, ಹಾಲಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನು ಅದನ್ನು ಹಿಡಿದು ಇಳಿಸುತ್ತದೆ. ಮೀನಿನ ಜೊತೆ ಮೊಸರು ಬೇಡ ಎನ್ನುವ ಮನೆಯಾದರೆ ಒಂದು ತುಂಡು ಬೆಲ್ಲ, ಎರಡು ತುತ್ತು ಬರಿ ಅನ್ನ.

ಉಳಿದ ಪುಳಿಮುಂಚಿಯನ್ನು ರಾತ್ರಿಯೇ ಫ್ರಿಜ್ಜಿಗೆ ಹಾಕಿ. ಬೆಳಿಗ್ಗೆ ನೀರುದೋಸೆಗೆ ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ. ಮಿಕ್ಸಿ ಜಾರಿಗೆ ಅಕ್ಕಿ ತೊಳೆದ ನೀರು, ಹುಣಸೆ ಚರಟ ಹಾಕಿ ಒಂದು ಸುತ್ತು ತಿರುಗಿಸಿ ತೊಳೆಯಿರಿ. ಮುಚ್ಚಳದ ರಬ್ಬರ್ ಉಂಗುರವನ್ನು ಬಿಚ್ಚಿ ಬೇರೆ ತೊಳೆದು ಒಣಗಿಸಿ. ಸಿಗಡಿಯ ವಾಸನೆ ಕುಳಿತುಕೊಳ್ಳುವುದು ಜಾರಿನಲ್ಲಲ್ಲ, ಆ ಉಂಗುರದಲ್ಲಿ. ಮರುದಿನದ ಇಡ್ಲಿ ಚಟ್ನಿಗೆ ಅದು ಬರಬಾರದು.